ಲೇಡೀಸ್ ಡಬ್ಬಿಯ ಸಿ, ಓ, ಎಂ

ಟಿಟ್ವಾಳಾದಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಾನು ಇಂಗ್ಲಿಷ್ ಕಲಿತೆ. ಕಲಿತೆ ಎಂದರೆ ಸ್ವಲ್ಪ ಹೆಚ್ಚಾಯಿತು. ಸಿ, ಓ, ಎಂ ಅಕ್ಷರಗಳಿಂದ ಶುರುವಾಗುವಷ್ಟನ್ನು ಕಲಿತೆ.

ಆಗ ಠಾಣೆಯ ಸೀರೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದೆ. ಕಿಟಕಿಯಿಲ್ಲ, ಮಾತಾಡಿಸಲು ಒಂದು ನರಪಿಳ್ಳೆಯಿಲ್ಲ. ಮಾತಾಡದೆ ಬದುಕುವ ಹೆಂಗಸು ನಾನಲ್ಲ. ಘೋಡಬಂದರ್ ರಸ್ತೆಯ ಹೊಸ ಹಲ್ಲಿನ ಕ್ಲಿನಿಕ್ಕಿಗೆ ರಿಸೆಪ್ಷನಿಸ್ಟ್ ಬೇಕಂತೆ ಎಂದು ಕೇಳಿದ್ದೇ, ಆ ಕುರ್ಚಿ ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಸಾಕು, ನನ್ನ ನಾಲಿಗೆ ಕುಂದಾಪುರಕ್ಕೆ ಓಡಿಹೋಗುತ್ತಿತ್ತು.

ನನಗೆ ಗುರುಗಳು ಇಬ್ಬರು. ಶಹಾಡಿನಲ್ಲಿ ಹತ್ತುವ ವಿಜಯಪುರದ ನರ್ಸ್ ಅಕ್ಕ, ಡೊಂಬಿವಲಿಯಲ್ಲಿ ಹತ್ತುವ ಕಾಲೇಜು ಹುಡುಗಿ. ಹುಡುಗಿಯ ಮನೆಯವರು ಉಡುಪಿ ಕಡೆಯವರು. ಕನ್ನಡ ಅವಳಿಗೆ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ಒಂದೇ ಥರ ಶುರುವಾಗುವ ಪದಗಳು ಒಂದನ್ನೊಂದು ಎಳೆದುಕೊಂಡು ಬರುತ್ತವೆ ಎಂಬುದು ಅವಳ ಸಿದ್ಧಾಂತ. ಅಕ್ಕ ಅದಕ್ಕೊಂದು ನಿಯಮ ಸೇರಿಸಿದಳು: ಅರ್ಥವನ್ನು ಬಾಯಲ್ಲಿ ಹೇಳುವಂತಿಲ್ಲ, ಡಬ್ಬಿಯೊಳಗೇ ತೋರಿಸಬೇಕು.

"ಆಂಟಿ, ಕಾಂಪಿಟಿಷನ್ ಕಿಧರ್ ಹೈ?"

ಬಾಗಿಲಲ್ಲಿ ನೂಕಾಡುತ್ತಿದ್ದವರನ್ನು ತೋರಿಸಿದೆ. ಕಂಪ್ಲೇಂಟ್? ತಿರುಗದ ಫ್ಯಾನು. ಕಂಪ್ಯಾನಿಯನ್? ನನ್ನ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡ ಅಕ್ಕ. ಕಂಫರ್ಟ್ ಎಂದಾಗ ಮೂವರೂ ಡಬ್ಬಿಯೆಲ್ಲ ಹುಡುಕಿ, ಏನೂ ಸಿಗದೆ ಬಿದ್ದು ಬಿದ್ದು ನಕ್ಕೆವು.

ಕಾಂಪ್ರಮೈಸಿಗೆ ಅಕ್ಕನೇ ಕೈ ತೋರಿಸಿದಳು. ಮೂವರ ಸೀಟಿನ ತುದಿಯಲ್ಲಿ, ಅರ್ಧ ಮೈ ಗಾಳಿಯಲ್ಲಿಟ್ಟು ಕೂತಿದ್ದ ನಾಲ್ಕನೆಯವಳತ್ತ.

"ಇಕೀನ ನೋಡವಾ. ಎಲ್ಲಾರೂ ಜರಾ ಸರದ್ರ ಆತು. ಯಾರಿಗೂ ಪೂರಾ ಸಿಗಂಗಿಲ್ಲ, ಯಾರೂ ನಿಂದರಂಗಿಲ್ಲ."

ಆ ಗುರುತಿಲ್ಲದ ಹೆಂಗಸೂ ನಕ್ಕಳು. ನಗುತ್ತಲೇ ಇನ್ನಷ್ಟು ಒಳಗೆ ಸರಿದಳು.

ಇಂಟರ್ವ್ಯೂ ದಿನ ಡಾಕ್ಟರಮ್ಮ ಇಂಗ್ಲಿಷಿನಲ್ಲೇ ಕೇಳಿದರು: ಇಬ್ಬರು ಪೇಷೆಂಟುಗಳು ನಾನು ಮೊದಲು, ನಾನು ಮೊದಲು ಎಂದು ಜಗಳಕ್ಕೆ ನಿಂತರೆ ಏನು ಮಾಡುತ್ತೀರಿ? ಪ್ರಶ್ನೆ ತಿಳಿಯಿತು. "ಕಂಪ್ಲೇಂಟ್... ಕಾಂಪಿಟಿಷನ್..." ಎಂದು ತೊದಲಿದವಳು ಕೊನೆಗೆ "ಕಾಂಪ್ರಮೈಸ್, ಮೇಡಂ! ಫೋರ್ತ್ ಸೀಟ್!" ಎಂದು ಕೂಗಿಯೇಬಿಟ್ಟೆ. ಸಾಲದ್ದಕ್ಕೆ ಕುರ್ಚಿಯಲ್ಲಿ ಒಂದು ಕಡೆ ಸರಿದು, ಪಕ್ಕದ ಜಾಗವನ್ನು ತಟ್ಟಿ ತೋರಿಸಿದೆ. ಮುಗಿಯಿತು, ಇನ್ನು ಸಾಯುವ ತನಕ ಫಾಲ್ ಹೊಲಿಯುವುದೇ ಎಂದುಕೊಂಡೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಹಾಂ ರಹತೀ ಹೋ?"

"ಟಿಟ್ವಾಳಾ."

"ಮೈ ಕಲ್ಯಾಣ್ ಕೀ! ಪೂರಾ ಕಾಲೇಜ್ ಚೌಥೀ ಸೀಟ್ ಪೇ ನಿಕಾಲಾ!" ಎಂದು, ಕಾಲೇಜು ದಿನಗಳನ್ನೆಲ್ಲ ಅದೇ ನಾಲ್ಕನೆಯ ಸೀಟಿನಲ್ಲಿ ಕಳೆದಿದ್ದ ಕಲ್ಯಾಣದ ಡಾಕ್ಟರಮ್ಮ ಮೇಜು ಕುಟ್ಟಿ ಕುಟ್ಟಿ ನಕ್ಕರು. ಕಣ್ಣೊರೆಸಿಕೊಂಡು, ಸೋಮವಾರದಿಂದ ಬನ್ನಿ ಎಂದರು.

ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಅಕ್ಕನೂ ಹುಡುಗಿಯೂ ಬಂದ ಗಾಡಿಗಳನ್ನೆಲ್ಲ ಬಿಟ್ಟು ನನಗಾಗಿ ಕಾದಿದ್ದರು. ನನ್ನ ಮುಖ ನೋಡಿಯೇ ಅಕ್ಕ "ಆತೇನವಾ?" ಎಂದು ಅಪ್ಪಿಕೊಂಡಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಗಾಡಿ ಬಂತು. ಹುಡುಗಿ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದಳು. ಕೂತಿದ್ದವರನ್ನೆಲ್ಲ ಸರಿಸಿ, ಸೀಟಿನ ತುದಿಯಲ್ಲಿ ಒಂದಿಷ್ಟು ಜಾಗ ಮಾಡಿ, ಅದರ ಮೇಲೆ ಕೈಯಿಟ್ಟುಕೊಂಡು ಕೂಗಿದಳು. ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು:

"ಬನ್ನಿ ಆಂಟಿ, ಜಾಗ ಉಂಟು!"