ಗೊಂಬೆಗೊಂದು ಮೈಬಣ್ಣ

ಎರಡು ಸಾವಿರದ ಹದಿನಾಲ್ಕು, ಫೆಬ್ರವರಿಯ ಒಂದು ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ, ವೈಟ್‌ಫೀಲ್ಡಿನಲ್ಲಿ ನನ್ನ ಮಗಳ ಮನೆಯ ಪೂರ್ವದಿಕ್ಕಿನ ಬಾಲ್ಕನಿ. ಹಾಜರಿದ್ದವರು ನಾನು, ಕಾಡುಗೋಡಿಯಿಂದ ಬಂದಿದ್ದ ನನ್ನ ಹೆಂಡತಿಯ ತಂಗಿ ಶಾರದ, ಎದುರು ಫ್ಲ್ಯಾಟಿನ ಇಮ್ರಾನ್. ಮಗಳು, ಅಳಿಯ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರಿಂದ ಗೈರುಹಾಜರು. ಇವರಲ್ಲದೆ, ಹಾಸಿದ ಹಳೆಯ ದಿನಪತ್ರಿಕೆಯ ನಡುವೆ, ಗೇಣಿಗಿಂತ ತುಸು ಗಿಡ್ಡವಾದ ಒಂದು ಪ್ಲಾಸ್ಟಿಕ್ ಹೆಣ್ಣು ನಿಂತಿತ್ತು. ಅವಳಿಗೆ ಸೀರೆ ಇತ್ತು, ತುರುಬು ಇತ್ತು, ಮೈಬಣ್ಣ ಮಾತ್ರ ಇರಲಿಲ್ಲ. ಮುಖ, ಕೈಕಾಲುಗಳೆಲ್ಲ ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಪ್ರೈಮರಿನಲ್ಲೇ ಇದ್ದವು. ಆ ಬೂದುಬಣ್ಣದ ಮೇಲೆ, ಹತ್ತು ವರ್ಷದ ಹಿಂದೆ ತೀರಿಕೊಂಡ ನನ್ನ ಹೆಂಡತಿ ಜಯಳ ಮೈಬಣ್ಣವನ್ನು ತರುವುದು ಅಂದಿನ ಕೆಲಸ.

ಓದುಗ ಮಿತ್ರರೆ, ಈ ವರದಿಯ ಧಾಟಿ ಕಂಡು ನೀವು ನಗಬಹುದು. ಪೀಣ್ಯದಲ್ಲಿ ಉಕ್ಕಿನ ಬೀರು, ಸ್ವಿಚ್‌ಬೋರ್ಡಿನ ಪೆಟ್ಟಿಗೆ ಇತ್ಯಾದಿಗಳಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ನನ್ನ ಇಡೀ ನೌಕರಿ ಕಳೆಯಿತು. ಪಾಳಿಯ ಆರಂಭದಲ್ಲಿ ತಾರೀಖು, ಗಂಟೆ, ಹಾಜರಿದ್ದವರ ಹೆಸರು. ಕೊನೆಯಲ್ಲಿ, ಅಂದು ಮುಗಿದ ಕಡೆಯ ಕೆಲಸ. ನಡುವೆ ಏನೇ ನಡೆದರೂ ಅದನ್ನು ನಡೆದ ಕ್ರಮದಲ್ಲೇ ಹೇಳಬೇಕು, ಹೆಚ್ಚು ಮಾತು ಕೂಡದು ಎಂದು ಅಲ್ಲಿ ಕಲಿಸಿದರು. ನಿವೃತ್ತಿಯಾದ ಮೇಲೂ ಆ ಕ್ರಮ ನನ್ನ ಬೆನ್ನು ಬಿಟ್ಟಿಲ್ಲ. ಹಾಲು ಕಾಯಿಸುವುದಕ್ಕೊಂದು ಹೊತ್ತು, ಗಿಡಕ್ಕೆ ನೀರು ಹಾಕುವುದಕ್ಕೊಂದು ಹೊತ್ತು. ಗೋಡೆ ಗಡಿಯಾರ ನಿಂತರೆ ಮಗಳು ನನ್ನನ್ನು ನೋಡಿ ಮುಳ್ಳು ತಿರುಗಿಸುತ್ತಾಳೆ.

ಇಂಥವನು ಗೊಂಬೆಯಾಟಕ್ಕೆ ಬಿದ್ದದ್ದು ಇಮ್ರಾನನಿಂದ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂರುವ ಈ ಯುವಕ ಭಾನುವಾರ ಬಂತೆಂದರೆ ಬಾಲ್ಕನಿಯಲ್ಲಿ ಚಾಪೆ ಹಾಸಿ, ಪರದೇಶದ ಸಾಹಸಿ ವೀರರ ಬೊಂಬೆಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಾನೆ. ಕಾಡುಗೋಡಿ ಸಂತೆಯಲ್ಲಿ ಹರಿದ ಟಾರ್ಪಾಲಿನ ಮೇಲೆ ಹಳೆ ಚಾರ್ಜರು, ಒಂಟಿ ಚಪ್ಪಲಿಗಳ ಜೊತೆ ಮಾರಾಟಕ್ಕೆ ಬೀಳುವ, ಕೈಯೋ ಕಾಲೋ ಇಲ್ಲದ ಆ ಶೂರರನ್ನು ತಂದು, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ತಲೆ ಕಿತ್ತು, ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕಿಟ್ಟು, ಬಣ್ಣ ಬದಲಿಸಿ, ತನಗೆ ಬೇಕಾದವರನ್ನು ಮಾಡಿಕೊಳ್ಳುತ್ತಾನೆ. ಲೋಕವನ್ನೇ ನಾಶಮಾಡಲು ಹೊರಟಿದ್ದ ಒಬ್ಬ ರಾಕ್ಷಸ ಅವನ ಕೈಯಲ್ಲಿ ಆಫೀಸು ಕ್ಯಾಂಟೀನಿನ ದೋಸೆ ಭಟ್ಟನಾಗಿ, ಬಿಳಿ ಟೋಪಿ ಹಾಕಿಕೊಂಡು, ಬಹಳ ಸಮಾಧಾನದಿಂದ ನಿಂತದ್ದನ್ನು ನಾನು ನೋಡಿದೆ. ಅಂದು ಸಂಜೆ ನನ್ನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಅದನ್ನು ಇಮ್ರಾನನಿಗೂ ಕೂಡಲೇ ಹೇಳಲಿಲ್ಲ.

ಮೊದಲು ಕೈ ಪಳಗಲಿ ಎಂದು ಅವನಿಂದ ಒಬ್ಬ ಸೈನಿಕನನ್ನು ಕೇಳಿ ತಂದೆ. ನನಗೆ ಗೊತ್ತಿದ್ದ ವಿಧಿ ಉಕ್ಕಿನದು: ಮೊದಲು ಎಣ್ಣೆಜಿಡ್ಡು ತೆಗೆಯಬೇಕು, ಅದಕ್ಕೆ ಥಿನ್ನರಿನ ಸ್ನಾನ. ನಿಯಮ ತಪ್ಪಿಸದೆ ಸೈನಿಕನನ್ನು ಒಂದು ಡಬ್ಬಿ ಥಿನ್ನರಿನಲ್ಲಿ ಮುಳುಗಿಸಿ, ಸ್ನಾನ, ಪೂಜೆ ಮುಗಿಸಿ ಬಂದು ಎತ್ತಿದರೆ, ಅವನ ಎದೆಯ ಮೇಲೆ ನನ್ನ ಹೆಬ್ಬೆಟ್ಟು ಅಚ್ಚೊತ್ತಿತು, ಬಂದೂಕು ಅವನ ಹೊಟ್ಟೆಗೆ ಅಂಟಿಕೊಂಡಿತು. ಇಮ್ರಾನ್ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ.

"ಅಂಕಲ್, ಇವ್ನೇನು ಬೀರುನಾ? ಪ್ಲಾಸ್ಟಿಕ್ ಇದು. ಸೋಪ್ ನೀರು, ಹಳೇ ಟೂತ್‌ಬ್ರಶ್, ಅಷ್ಟೇ. ಒಲೇಲಿ ಬೇಯಿಸೋದು ಒಂದು ಬಾಕಿ ಇತ್ತಾ?"

ಬಣ್ಣ ಬಳಿದ ಉಕ್ಕನ್ನು ಕಾರ್ಖಾನೆಯಲ್ಲಿ ಒಲೆಗಿಟ್ಟು ಒಣಗಿಸುತ್ತಿದ್ದೆವು, ಅದೂ ನನ್ನ ವಿಧಿಯಲ್ಲಿ ಮುಂದಿನದೊಂದು ಹಂತವೇ ಆಗಿತ್ತು, ಹೇಳಲಿಲ್ಲ. ಮುಂದಿನ ವಾರಗಳಲ್ಲಿ ಅವನು ಹೇಳಿಕೊಟ್ಟದ್ದನ್ನು ಕಲಿತೆ. ನುಣುಪಾದ ಮೈಯನ್ನು ಸಣ್ಣ ಮರಳುಕಾಗದದಿಂದ ತುಸು ಉಜ್ಜಿದರೆ ಬಣ್ಣ ಹಿಡಿಯುತ್ತದೆ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ, ಹಾಲಿನಷ್ಟು ತೆಳ್ಳಗೆ ಮಾಡಿ, ಒಣಗಿಸಿ ಒಣಗಿಸಿ ಹಲವು ಸಲ ಹಚ್ಚಬೇಕು. ಮೊಣಕೈ, ಮಂಡಿಗಳ ಕೀಲನ್ನು ಮೊದಲೇ ಸ್ವಲ್ಪ ಕೆರೆಯದಿದ್ದರೆ, ಮಡಿಸಿದಾಗಲೆಲ್ಲ ಬಣ್ಣ ಎದ್ದುಬರುತ್ತದೆ. ಹೊಸ ಬಣ್ಣವನ್ನು ನೇರವಾಗಿ ಗೊಂಬೆಗೆ ಹಚ್ಚದೆ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹಚ್ಚಿ ನೋಡಬೇಕು. ಕ್ರಮ ಇರುವ ಕಡೆ ನನಗೆ ಕಷ್ಟವಿಲ್ಲ. ಮೂರನೆಯ ಗೊಂಬೆಯ ಹೊತ್ತಿಗೆ ಇಮ್ರಾನನೇ ನನ್ನ ಅಂಚುಗಳನ್ನು ನೋಡಲು ಎದ್ದು ಬರುತ್ತಿದ್ದ.

ಆಮೇಲೆ ಸಂತೆಗೆ ಹೋಗಿ ನಾನೇ ಒಬ್ಬಳನ್ನು ಆರಿಸಿದೆ. ಅವಳು ಯೋಧೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಖಡ್ಗಕ್ಕಾಗಿ ಎತ್ತಿದ್ದು. ಖಡ್ಗ ಎಂದೋ ಕಳೆದುಹೋಗಿತ್ತು. ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಮಾಡುವ ಮೆತ್ತನೆಯ ಪುಟ್ಟಿ, ಅದನ್ನು ಚಪಾತಿಯಂತೆ ಲಟ್ಟಿಸಿ ಅವಳಿಗೆ ಸೀರೆ ಉಡಿಸಿದೆ. ನೆರಿಗೆ ಕೂರಿಸುವಾಗ ಮೂರು ಸಲ ಬಿಚ್ಚಿದೆ. ಜಯ ಸೆರಗನ್ನು ಹೇಗೆ ಸಿಕ್ಕಿಸುತ್ತಿದ್ದಳೆಂದು ನನ್ನ ಬೆರಳಿಗೆ ಗೊತ್ತಿರಲಿಲ್ಲ, ಕಣ್ಣಿಗೆ ಗೊತ್ತಿತ್ತು. ಕಣ್ಣು ಹೇಳಿದಂತೆ ಬೆರಳು ನಡೆಯುವಷ್ಟರಲ್ಲಿ ಪುಟ್ಟಿ ಗಟ್ಟಿಯಾಗುತ್ತಿತ್ತು. ಕೊನೆಗೂ ಸೀರೆ ನಿಂತಿತು. ಅದಕ್ಕೆ ಅರಿಶಿನ ಬಣ್ಣ, ಕಂದು ಅಂಚು. ಮುಖವನ್ನು ಹೋಲಿಸುವ ಹುಂಬತನಕ್ಕೆ ನಾನು ಹೋಗಲಿಲ್ಲ. ಕಡಲೆಬೀಜದಷ್ಟು ಮುಖದಲ್ಲಿ ಯಾರ ಹೋಲಿಕೆಯನ್ನು ತರಲಾದೀತು? ಬಣ್ಣವೊಂದು ಸಿಕ್ಕರೆ ಸಾಕು, ಉಳಿದದ್ದನ್ನು ನೆನಪು ತುಂಬಿಕೊಳ್ಳುತ್ತದೆ ಎಂದು ನಂಬಿದ್ದೆ. ಬಣ್ಣ ಹೊಂದಿಸುವುದೇ ನನ್ನ ಕಸುಬಾಗಿತ್ತಲ್ಲ.

ಸಿಕ್ಕಲಿಲ್ಲ. ನಮ್ಮ ನುಡಿಯಲ್ಲಿ ಹೆಣ್ಣಿನ ಮೈಬಣ್ಣಕ್ಕೆ ಎಷ್ಟು ಮಾತುಗಳಿವೆ ನೋಡಿ: ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪು. ಸಂಬಂಧ ತಂದವರು ಜಯಳನ್ನು ಗೋಧಿಬಣ್ಣ ಎಂದಿದ್ದರು. ಯಾವ ಗೋಧಿ ಎಂದು ಆಗ ಯಾರೂ ಕೇಳುವುದಿಲ್ಲ. ಮದುವೆಯ ಪಟ ಕಪ್ಪುಬಿಳುಪಿನದು, ಅದರಲ್ಲೂ ಸ್ಟುಡಿಯೋದವರು ವಧುವಿನ ಮುಖವನ್ನು ಪ್ರೀತಿಯಿಂದ ಬೆಳ್ಳಗೆ ತಿದ್ದಿದ್ದಾರೆ. ಆಮೇಲಿನ ಬಣ್ಣದ ಪಟಗಳು ಆಲ್ಬಮ್ಮಿನಲ್ಲೇ ಕೆಂಪಗೆ ತಿರುಗಿ, ಜಯ, ಹಿಂದಿನ ಗೋಡೆ, ಕೈಯಲ್ಲಿದ್ದ ಕೂಸು ಎಲ್ಲವೂ ಒಂದೇ ಬಣ್ಣದವಾಗಿವೆ. ಪಟ ಬಿಟ್ಟು ನೆನಪಿನಿಂದಲೇ ಕಲಸೋಣವೆಂದು ಎರಡು ಭಾನುವಾರ ಬಾಲ್ಕನಿಯಲ್ಲಿ ಕೂತೆ. ಒಂದು ಹನಿ ಹಳದಿ ಹಾಕಿದರೆ ಹೆಚ್ಚೆನಿಸುವುದು, ಬಿಳಿ ಹಾಕಿದರೆ ಪರಕೀಯಳೆನಿಸುವುದು. ಕೈ ಓಡಲೇ ಇಲ್ಲ. ಬೇಸತ್ತು ಎಲ್ಲವನ್ನೂ ಒಳಗೆ ತಂದು, ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿ ಕಟ್ಟೆಯ ಮೇಲಿಟ್ಟುಕೊಂಡೆ. ಆಗ ಕೈ ತಾನಾಗಿ ನಡೆಯಿತು. ಇಷ್ಟು ಕಂದು, ಇಷ್ಟು ಹಳದಿ, ಕಡ್ಡಿಯ ತುದಿಯಷ್ಟು ಹಸಿರು. ಚಮಚದ ಬೆನ್ನಿಗೆ ಹಚ್ಚಿ ನೋಡಿದೆ. ಚಪಾತಿ ಹಿಟ್ಟು ನಾದುವ ಮುಂಗೈ ಅದು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡ ಮುಂಗೈ. ಸ್ವಲ್ಪ ಹೊತ್ತು ಚಮಚವನ್ನು ಕೆಳಗಿಡಲಾಗಲಿಲ್ಲ.

ಆ ಚಮಚವನ್ನೂ, ಮತ್ತೆ ಅದೇ ಅಳತೆಯಲ್ಲಿ ಕಲಸಿದ ಒಂದು ಬಾಟಲಿ ಮುಚ್ಚಳದಷ್ಟು ಬಣ್ಣವನ್ನೂ ಸಿದ್ಧಮಾಡಿಕೊಂಡು, ಅಂದು ಶಾರದಳನ್ನು ಕರೆಸಿದ್ದೆ. ಕಾರ್ಖಾನೆಯಲ್ಲಿಯೂ ಬಣ್ಣ ಕಲಸಿದವನೇ ತಪಾಸಣೆ ಮಾಡಬಾರದೆಂಬ ನಿಯಮವಿತ್ತು. ಜಯಳ ಜೊತೆ ಹುಟ್ಟಿದವಳು, ಪೀಣ್ಯದ ನಮ್ಮ ಮನೆಯ ಪಕ್ಕದ ಬೀದಿಯಲ್ಲೇ ಬಹಳ ಕಾಲ ಸಂಸಾರ ಮಾಡಿದವಳು. ಅವಳಿಗಿಂತ ಬೇರೆ ತಪಾಸಣಾಧಿಕಾರಿ ಯಾರು?

ಶಾರದ ಮೊದಲು ಗೊಂಬೆಯನ್ನು ಸುತ್ತಲೂ ನೋಡಿದಳು. "ಈ ಎತ್ತಿದ ಕೈಗೆ ಏನ್ ಕೊಡ್ತೀರಾ ಭಾವ? ಸೌಟು ಕೊಟ್ಬಿಡಿ. ಅಕ್ಕನ ಖಡ್ಗ ಅದೇ."

"ಮೊದಲು ಬಣ್ಣ ನೋಡು" ಎಂದು ಚಮಚ ಕೊಟ್ಟೆ.

ಅವಳು ಅದನ್ನು ಬಿಸಿಲಿಗೆ ಹಿಡಿದಳು, ಕನ್ನಡಕ ಏರಿಸಿದಳು, ಇಳಿಸಿದಳು. "ಇದ್ಯಾರು ಭಾವ?"

"ಯಾರು ಅಂದರೆ?"

"ನಮ್ಮಕ್ಕ ಅಂತೂ ಅಲ್ಲ. ಜ್ವರ ಬಿಟ್ಟು ಎದ್ದೋರ ಥರ ಇದಾಳೆ. ನೀವೇ ನೋಡಿ."

ನೋಡಿದೆ. ನಿಜ. ಅಡುಗೆಮನೆಯಲ್ಲಿ ಜೀವ ತುಂಬಿಕೊಂಡಿದ್ದ ಬಣ್ಣ ಬಿಸಿಲಿನಲ್ಲಿ ಹಸಿರುಮಿಶ್ರಿತ ಮಣ್ಣಾಗಿತ್ತು. ಒಂದೇ ಬಣ್ಣ ಟ್ಯೂಬ್‌ಲೈಟಿನಡಿ ಒಂದಾಗಿ, ಬಿಸಿಲಲ್ಲಿ ಮತ್ತೊಂದಾಗಿ ಕಾಣುವುದು ನಮ್ಮ ಕಸುಬಿನ ಹಳೆಯ ಕಾಟ. ಅದಕ್ಕೇ ಮಾದರಿ ತಗಡನ್ನು ಷೆಡ್ಡಿನಿಂದ ಆಚೆ ತಂದು ನೋಡುತ್ತಿದ್ದೆವು. ಅದನ್ನು ಶಾರದಳಿಗೆ ವಿವರಿಸತೊಡಗಿದೆ.

"ಇದೇನು ಹೊಸದಾ?" ಎಂದಳು ಅವಳು. "ಬ್ಲೌಸ್ ಪೀಸ್ ತಗೊಳ್ಳೋವಾಗ ಸೀರೆ ಹಿಡ್ಕೊಂಡು ಅಂಗಡಿ ಬಾಗ್ಲಿಗೆ ಬರಲ್ವಾ ನಾವು? ಒಳಗೆ ಎಲ್ಲಾ ಮ್ಯಾಚ್ ಆಗೋ ಥರಾನೇ ಕಾಣ್ಸುತ್ತೆ. ನಿಮ್ಗೆ ಇಷ್ಟೆಲ್ಲಾ ಗೊತ್ತಿದ್ದೂ ಅಡುಗೆಮನೇಲಿ ಯಾಕೆ ಕಲಸಿದ್ರಿ?"

"ಹೊರಗೆ ಕೂತರೆ ಬಣ್ಣ ನೆನಪಿಗೆ ಬರಲಿಲ್ಲ."

"ಎಲ್ಲಿಂದ ಬರುತ್ತೆ" ಎಂದಳು ಶಾರದ, ಕಡಲೆಕಾಯಿ ಬಿಡಿಸುವಷ್ಟು ಸಹಜವಾಗಿ. "ನೀವು ಅಕ್ಕನ್ನ ಬಿಸಿಲಲ್ಲಿ ಯಾವಾಗ ನೋಡಿದ್ರಿ ಭಾವ? ಕತ್ಲಲ್ಲಿ ಫ್ಯಾಕ್ಟ್ರಿ ಬಸ್ಸು, ದೀಪ ಹಚ್ಚಿದ್ಮೇಲೆ ವಾಪಸ್ಸು. ಭಾನುವಾರ ನೀವು ಮನೇಲಿದ್ರೆ ಅವ್ಳು ಒಲೆ ಮುಂದೆ. ಆ ಮನೇಗೆ ಮಧ್ಯಾಹ್ನಾನೂ ಲೈಟ್ ಹಾಕ್ಬೇಕಿತ್ತು."

ಸಾಲುಮನೆಗಳ ನಡುವಿನ ಆ ಮನೆಯ ಒಂದೇ ಕಿಟಕಿ ಪಕ್ಕದವರ ಗೋಡೆಗೆ ತೆರೆಯುತ್ತಿತ್ತು. ಬೆಳಗಿನ ತಿಂಡಿಯ ಡಬ್ಬಿಯನ್ನು ಚಾಚಿದ ಕೈ, ರಾತ್ರಿ ಅನ್ನ ಬಡಿಸಿದ ಕೈ, ಕೂಸಿಗೆ ಕಾಡಿಗೆ ತೀಡಿದ ಕೈ, ಎಲ್ಲವನ್ನೂ ನಾನು ಕಂಡದ್ದು ಅದೇ ಬಿಳಿ ಕೊಳವೆಯ ಬೆಳಕಿನಲ್ಲಿ. ನಿವೃತ್ತನಾದ ಮೇಲೆ ಹಗಲು ನಮ್ಮದಾಗುತ್ತದೆ ಎಂದುಕೊಂಡಿದ್ದೆವು. ಅದಕ್ಕೆ ಎರಡು ವರ್ಷ ಮೊದಲೇ ಅವಳು ಹೋದಳು.

ಇಮ್ರಾನ್ ಇನ್ನೊಂದು ಮುಚ್ಚಳ ತೊಳೆದು ತಂದು ಶಾರದಳ ಮುಂದಿಟ್ಟ. "ಆಂಟಿ, ನೀವು ಹೇಳಿ. ನಾನು ಹಾಕ್ತೀನಿ."

ಅವಳಿಗೆ ಬಣ್ಣಗಳ ಹೆಸರು ಬೇಕಿರಲಿಲ್ಲ. "ಕಾಫಿಪುಡಿ ಹಾಕಪ್ಪ. ಇನ್ನೂ ಒಂಚೂರು. ಈಗ ಬೆಲ್ಲ. ಹಸಿರು ಗಿಸಿರು ಬೇಡ. ಅಕ್ಕ ಬೇಸಿಗೇಲಿ ಒಂದು ಸುತ್ತು ಕಪ್ಪಾಗೋಳು. ಮಾಳಿಗೆ ಮೇಲೆ ಸಂಡಿಗೆ ಹಾಕಿ, ಕಾಗೆ ಕಾಯ್ಕೊಂಡು ಮಧ್ಯಾಹ್ನ ಎಲ್ಲಾ ಅಲ್ಲೇ. ಕೊಡೆ ತಗೊಂಡ್ಹೋಗೇ ಅಂದ್ರೆ, ಕೊಡೆ ಹಿಡ್ದು ಹಾಡಕ್ಕಾಗಲ್ಲ ಅನ್ನೋಳು."

"ಹಾಡುತ್ತಿದ್ದಳೆ?" ಎಂದೆ.

"ಜೋರಾಗಿ. ಬೀದಿಗೆಲ್ಲಾ ಕೇಳೋದು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನನಗೆ ಆ ಸಂಡಿಗೆ ಮಾತ್ರ ಗೊತ್ತಿತ್ತು. ಮಧ್ಯಾಹ್ನದ ಊಟದ ಡಬ್ಬಿಯ ಮೇಲಿನ ತಟ್ಟೆಯಲ್ಲಿ ವರ್ಷಗಟ್ಟಲೆ ಅದನ್ನು ಕರುಮುರು ಎಂದು ತಿಂದಿದ್ದೇನೆ. ಅದು ಒಣಗಿದ ಹಗಲುಗಳು, ಅದರ ಸುತ್ತ ಹಾರಿದ ಕಾಗೆಗಳು, ಕೊಡೆಯಿಲ್ಲದೆ ಕೂತು ಹಾಡಿದ ಹೆಂಗಸು, ಇವೆಲ್ಲ ಪೀಣ್ಯದಲ್ಲೇ ಇದ್ದವು, ನನ್ನ ಕಾರ್ಖಾನೆಯಿಂದ ಒಂದೂವರೆ ಮೈಲಿ ದೂರದಲ್ಲಿ. ಮಿತ್ರರೆ, ಸತ್ತವರಿಗಾಗಿ ಹಂಬಲಿಸುವಾಗ ಅವರೊಂದಿಗೆ ಕಳೆದ ಹೊತ್ತಿಗಾಗಿ ಹಂಬಲಿಸುತ್ತೇವೆಂದು ನಾನು ಇಷ್ಟು ದಿನ ತಿಳಿದಿದ್ದೆ. ಕಳೆಯದೇ ಹೋದ ಹೊತ್ತಿಗೆ ಇಷ್ಟು ತೂಕವಿರುತ್ತದೆಂದು ಗೊತ್ತಿರಲಿಲ್ಲ. ತರಕಾರಿ ಗಾಡಿಯವನು, ಎದುರುಮನೆಯವರು, ದಾರಿಯಲ್ಲಿ ಹೋದವರು ಎಲ್ಲ ಅವಳ ಆ ಬಣ್ಣವನ್ನು ಕಂಡಿದ್ದರು.

"ನಿಲ್ಸು ನಿಲ್ಸು" ಎಂದಳು ಶಾರದ. ಇಮ್ರಾನ್ ಕಡ್ಡಿ ತೆಗೆದ. ಅವಳು ಇನ್ನೊಂದು ಚಮಚದ ಬೆನ್ನಿಗೆ ತಾನೇ ಬೆರಳಿನಿಂದ ಹಚ್ಚಿ, ಬಿಸಿಲಿಗೆ ಹಿಡಿದಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಬಂದ್ಲು" ಎಂದಳು.

ನಾನು ನೋಡಿದೆ. ಬೆಚ್ಚನೆಯ, ಹೊಳಪುಳ್ಳ, ನನಗಿಂತ ಗಟ್ಟಿಮುಟ್ಟಾದ ಯಾರದೋ ಬಣ್ಣ. ಹೆಣ್ಣು ನೋಡಲು ಹೋದ ದಿನ ತಲೆ ತಗ್ಗಿಸಿ ಕೂತು ಕಾಫಿ ಲೋಟವನ್ನಷ್ಟೇ ನೋಡಿ ಬಂದ ಹುಡುಗನಿಗೆ ಇನ್ನೊಮ್ಮೆ ನೋಡು ಎಂದಂತಿತ್ತು. ಒಳಗೆ ಒಯ್ದು ಟ್ಯೂಬ್‌ಲೈಟಿನಡಿ ಹಿಡಿದೆ. ಅಲ್ಲಿ ಅದು ಕಪ್ಪಿಟ್ಟು ಮುಚ್ಚಿಕೊಂಡಿತು, ಪಕ್ಕದಲ್ಲಿ ನನ್ನ ಚಮಚ ಹಿಟ್ಟು ನಾದುವ ಕೈಯಾಗಿ ಬೆಳಗಿತು. ಬಾಲ್ಕನಿಗೆ ಬಂದರೆ ಮತ್ತೆ ಅದಲುಬದಲು. ಎರಡು ಚಮಚ ಹಿಡಿದುಕೊಂಡು ನಾನು ಒಳಗೂ ಹೊರಗೂ ಓಡಾಡುವುದನ್ನು ಕಂಡು ಇಮ್ರಾನ್ ಕೇಳಿದ: "ಯಾವ್ದು ಫೈನಲ್ ಅಂಕಲ್?"

"ಭಾವನಿಗೆ ಬೇಕಾದ್ದು ಹಾಕ್ಕೊಳ್ಲಿ ಬಿಡಪ್ಪ" ಎಂದಳು ಶಾರದ, ಬೇರೆ ಕಡೆ ನೋಡುತ್ತ. "ಅವ್ರ ಗೊಂಬೆ."

ನನ್ನ ಜಯ ನನ್ನ ಬಳಿ ಇದ್ದಾಳೆ. ಅಡುಗೆಮನೆಯ ಸ್ವಿಚ್ಚು ಒತ್ತಿದರೆ ಬರುತ್ತಾಳೆ. ಬಿಸಿಲಿನ ಇವಳನ್ನು ಮಾತ್ರ ಎಲ್ಲಿಗೆ ಹೋದರೂ ನಾನು ಕರೆತರಲಾರೆ. "ಶಾರದ ಕಲಸಿದ್ದು" ಎಂದೆ.

ಹಾಲಿನಷ್ಟು ತೆಳ್ಳಗೆ, ಒಣಗಿಸಿ ಒಣಗಿಸಿ, ಮುಖಕ್ಕೆ, ಕುತ್ತಿಗೆಗೆ, ಪಾದಗಳಿಗೆ, ಸೊಂಟದ ಮೇಲಿನ ಕೈಗೆ, ಎತ್ತಿದ ಕೈಗೆ ಹಚ್ಚಿದೆ. ಬೂದು ಮುಚ್ಚಿಹೋಯಿತು. ಎತ್ತಿದ ಕೈಗೆ ಸೌಟು ಬೇಡವೆಂದು ತೀರ್ಮಾನವಾಯಿತು. ಕಾಗೆ ಓಡಿಸಲು ಬರಿಗೈಯೇ ಸಾಕು ಎಂದಳು ಶಾರದ. ಇಮ್ರಾನನ ಮನೆಯಿಂದ ಊಟಕ್ಕೆ ಕರೆ ಬಂತು, ಅವನು ಹೋದ. ಶಾರದ ನನಗೆ ಅನ್ನಕ್ಕಿಡಲು ಒಳಗೆ ಹೋದಳು. ನನ್ನ ಮುಚ್ಚಳದಲ್ಲಿ ಟ್ಯೂಬ್‌ಲೈಟಿನ ಬಣ್ಣ ಹಾಗೆಯೇ ಇತ್ತು, ಅಂಚಿನಲ್ಲಿ ಆಗಲೇ ಕೆನೆ ಕಟ್ಟತೊಡಗಿತ್ತು. ಎತ್ತಿಟ್ಟುಕೊಳ್ಳುವಂಥ ಬಣ್ಣವಲ್ಲ ಅದು. ಗೊಂಬೆಯನ್ನು ಮೆಲ್ಲಗೆ ಮಲಗಿಸಿ, ಎರಡು ಅಂಗಾಲುಗಳಿಗೆ ಅದನ್ನು ಹಚ್ಚಿದೆ. ನಿಂತ ಗೊಂಬೆಯ ಅಂಗಾಲು ಯಾರಿಗೂ ಕಾಣುವುದಿಲ್ಲ. ಅದು ಒಣಗುವವರೆಗೂ ಹಿಡಿದುಕೊಂಡಿದ್ದು, ಬಿಸಿಲು ಇನ್ನೂ ಉಳಿದಿದ್ದ ಕಡೆ ಅವಳನ್ನು ನಿಲ್ಲಿಸಿದೆ. ಕುಂಚವನ್ನು ಸೋಪುನೀರಿನಲ್ಲಿ ತೊಳೆದು, ಬಟ್ಟೆಗೆ ಒತ್ತಿ, ಮೊನೆ ಕೂರಿಸಿ, ಮಲಗಿಸಿಟ್ಟೆ. ಅಂದಿನ ಕೆಲಸ ಮುಗಿಯಿತು.