ಯಾರ ಮನೆಯೂ ಅಲ್ಲದ ಜಾಗದಲ್ಲಿ ಕೋಳಿ ಸಾರು

ನನ್ನ ಮದುವೆಗೆ ಇನ್ನು ಇಪ್ಪತ್ತು ದಿನ ಇತ್ತು. ಅಪ್ಪ ಜಾವಗಲ್ಲಿನಿಂದ ಬಾಣಾವರದವರೆಗೆ ನೆಂಟರ ಮನೆಗಳನ್ನೆಲ್ಲ ಸುತ್ತಿ ಕರೆದು ಬಂದಿದ್ದರು. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಚಿಕ್ಕಪ್ಪನ ಮನೆಗೆ ಮಾತ್ರ ಹೋಗಿರಲಿಲ್ಲ.

ಆರು ವರ್ಷದ ಹಿಂದೆ, ಬದುವಿನ ಮೇಲಿನ ಎರಡು ತೆಂಗಿನ ಮರ ಯಾರ ಪಾಲಿಗೆ ಅಂತ ಅಣ್ಣತಮ್ಮಂದಿರು ಜಗಳ ಆಡಿದ್ದರು. ಅಪ್ಪನ ಸಿಟ್ಟು ಊರಿಗೇ ಗೊತ್ತು. ದೇವರ ದೀಪ ಮುಟ್ಟಿ, "ಇವ್ನ ಹೊಸಲು ತುಳಿಯಲ್ಲ, ಇವ್ನು ಕೊಟ್ಟ ನೀರಲ್ಲಿ ಕೈ ತೊಳೆಯಲ್ಲ" ಅಂತ ಆಣೆ ಇಟ್ಟುಬಿಟ್ಟರು. ಆಮೇಲೆ ಆ ಎರಡೂ ಮರಕ್ಕೆ ನುಸಿ ರೋಗ ಹತ್ತಿ ಕಾಯಿಗಳು ನಿಂಬೆಹಣ್ಣಿನಷ್ಟಾದವು. ಅವನ್ನು ಕೀಳುವವರೇ ಇರಲಿಲ್ಲ. ಆಣೆ ಮಾತ್ರ ಗಟ್ಟಿಮುಟ್ಟಾಗಿತ್ತು.

ನಮ್ಮಲ್ಲಿ ಒಡಹುಟ್ಟಿದವರನ್ನು ಮದುವೆಗೆ ಕರೆಯಬೇಕಾದರೆ ಅವರ ಮನೆಯೊಳಗೆ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೆಯಬೇಕು. ಬೀದಿಯಲ್ಲಿ ಪತ್ರಿಕೆ ಕೈಗಿತ್ತರೆ ಅದು ಕರೆದಂತಲ್ಲ. ಚಿಕ್ಕಪ್ಪ ಅಜ್ಜಿಯ ಮೂಲಕ ಹೇಳಿ ಕಳಿಸಿದ್ದರು: "ಅಣ್ಣ ಮನೆಗೆ ಬಂದು ಕರೀಲಿ, ಬತ್ತೀನಿ. ಇಲ್ದಿದ್ರೆ ಇಲ್ಲ." ಅಪ್ಪ, "ಆಣೆ ಐತೆ" ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ, ಕುಂಡಿಗೆ ಒತ್ತದಿರಲೆಂದು ತಮ್ಮ ಟವೆಲ್ ಸುತ್ತಿ, ನನ್ನನ್ನು ಸ್ಕೂಲಿಗೆ ಬಿಟ್ಟವರು ಆ ಚಿಕ್ಕಪ್ಪ. ಅವರಿಲ್ಲದೆ ನಾನು ಧಾರೆಗೆ ಕೂರುವುದು ಹೇಗೆ? "ಆ ಎರಡು ಒಣಕಲು ಮರಕ್ಕೇ ನನ್ನನ್ನ ಧಾರೆ ಎರೆದುಕೊಡಿ!" ಅಂತ ಕಿರುಚಿದೆ. ಅಪ್ಪನ ಮಗಳಲ್ಲವೇ ನಾನು.

ಅಜ್ಜಿ ಒಂದು ತಿಂಗಳು ನಮ್ಮ ಮನೆ, ಒಂದು ತಿಂಗಳು ಚಿಕ್ಕಪ್ಪನ ಮನೆ ಅಂತ ಇದ್ದವರು. ಅವರು ಇಬ್ಬರು ಮಕ್ಕಳಿಗೂ ಒಂದೇ ಮಾತು ಹೇಳಿದರು. "ಹಳೇಬೀಡಿನ ರಸ್ತೇಲಿ ಅದೇನೋ ಗಾರ್ಡನ್ ಹೋಟ್ಲು ಆಗೈತಂತಲ್ಲ, ನಂಗೆ ಅಲ್ಲಿ ಕೋಳಿ ಸಾರು ಉಣ್ಬೇಕು. ಇಬ್ರೂ ಕರ್ಕಂಡೋಗಿ."

"ಅದು ಬಾರು ಕಣವ್ವ!" ಅಂದರು ಅಪ್ಪ.

"ಆಗ್ಲಿ ಬಿಡು. ನೀನು ಆಣೆ ಇಟ್ಟಿರದು ಹೊಸಲಿಗೆ. ಹೋಟ್ಲು ಯಾರ ಮನೆನೂ ಅಲ್ಲ."

ಅಪ್ಪ ಗೊಣಗುತ್ತಲೇ ಅಂಗಿ ತೊಟ್ಟರು. ಬಾರ್ ಅಂದ ಕೂಡಲೇ ಅಮ್ಮ ಮೂಗು ಮುರಿದು ಮನೆಯಲ್ಲೇ ಉಳಿದರು. ಅಜ್ಜಿಯ ಕೈ ಹಿಡಿಯಲು ನಾನು ಹೊರಟೆ. ಅಪ್ಪ, ಅಜ್ಜಿ, ನಾನು ಬಸ್ಸಿನಲ್ಲಿ ಹೋದೆವು. ಚಿಕ್ಕಪ್ಪ ಹಿಂದೆ ಟಿವಿಎಸ್‌ನಲ್ಲಿ ಬಂದರು.

ಹೋಟೆಲ್ ಅಂದರೆ ಒಂದು ತೆಂಗಿನ ತೋಟ. ಅದರೊಳಗೆ ಗರಿ ಹೊದಿಸಿದ ಏಳೆಂಟು ದುಂಡನೆಯ ಗುಡಿಸಲು, ಒಂದೊಂದರಲ್ಲೂ ಕಲ್ಲಿನ ಮೇಜು. 'ಫ್ಯಾಮಿಲಿ' ಅಂತ ಬರೆದಿದ್ದ ಕೊನೆಯ ಗುಡಿಸಲಿನಲ್ಲಿ ಕೂತೆವು. ಅಪ್ಪ ಒಂದು ತುದಿ, ಚಿಕ್ಕಪ್ಪ ಇನ್ನೊಂದು ತುದಿ. ಮೀಸೆ ಹುರಿ ಮಾಡಿದ ಸಪ್ಲೈಯರ್ ಬಂದು, "ಮೊದ್ಲು ಬಿಯರ್ ಕೊಡ್ಲಾ ಸಾರ್?" ಅಂದ. ತಾಯಿಯ ಎದುರು ಇಬ್ಬರೂ ಬೆಚ್ಚಿದರು.

"ನಂಗೊಂದು ಕಲರ್ ಸೋಡ ಕೊಡಪ್ಪ, ತಣ್ಣಗಿರದು," ಅಂದರು ಅಜ್ಜಿ.

ಮುದ್ದೆ, ನಾಟಿ ಕೋಳಿ ಸಾರು ಹೇಳಿದ್ದಾಯಿತು. ಬರುವವರೆಗೆ ಅಪ್ಪ ತೆಂಗಿನ ಮರಗಳನ್ನು ಎಣಿಸುತ್ತಾ ಕೂತರು, ಚಿಕ್ಕಪ್ಪ ಮೇಜಿನ ಕಲ್ಲನ್ನು ಕೆರೆಯುತ್ತಾ ಕೂತರು. ಬಡಿಸುವಾಗ ಅಪ್ಪ ಸಪ್ಲೈಯರ್‌ಗೆ, "ಆ ಕಡೆಯವ್ರಿಗೆ ದೊಡ್ಡ ಮುದ್ದೆ ಹಾಕು" ಅಂದರು. ಚಿಕ್ಕಪ್ಪನೂ ಅವನಿಗೇ, "ಈ ಕಡೆಯವ್ರಿಗೆ ಸಾಕು ಅಂತ ಹೇಳು" ಅಂದರು. ಪಾಪ, ಅವನು ಅತ್ತಿತ್ತ ನೋಡಿ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದ.

ನನಗೆ ಒಂದು ತುತ್ತೂ ಇಳಿಯಲಿಲ್ಲ. ಇವತ್ತು ಆಗದಿದ್ದರೆ ಇನ್ನು ಆಗುವುದಿಲ್ಲ ಅಂತ ಗೊತ್ತಿತ್ತು.

ಅಪ್ಪ ಕೋಳಿ ತುಂಡನ್ನು ಬಾಯಿಗಿಟ್ಟರು. ಅಗಿದರು, ನಿಲ್ಲಿಸಿದರು, ಮತ್ತೆ ಅಗಿದರು. ಆಮೇಲೆ ಸೀದಾ ತಮ್ಮನ ಮುಖ ನೋಡಿ, "ಏನ್ಲಾ, ಇದು ನಾಟಿ ಕೋಳಿನೇನ್ಲಾ?" ಅಂದರು.

"ಎಲ್ಲೀ ನಾಟಿ ಬಿಡಣ್ಣ! ಹಲ್ಲಿಗೆ ಕೆಲ್ಸನೇ ಇಲ್ಲ. ಫಾರಂ ಕೋಳಿ ಕಣಣ್ಣ ಇದು!"

ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಆಡಿದ್ದು ಅವರಿಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಸೇರಿ ಸಪ್ಲೈಯರ್‌ನನ್ನು ಕೂಗಿ ಕರೆದರು, ಮೂಳೆ ಎತ್ತಿ ತೋರಿಸಿದರು, ಒಬ್ಬರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಬೈದರು. ಅವನು, "ನಮ್ಮವ್ವನಾಣೆ ನಾಟಿನೇ ಸಾರ್" ಅಂದ.

"ಆಣೆ ಇಡಬ್ಯಾಡ ಕಣಪ್ಪ," ಅಂದರು ಅಜ್ಜಿ. "ಇಲ್ಲಿ ಆಗ್ಲೇ ಒಂದು ಹೊತ್ಕಂಡು ಸಾಯ್ತಿದ್ದೀವಿ. ನನ್ನ ಬೊಚ್ಚು ಬಾಯಿಗೆ ಇದೇ ಸರಿ, ಇನ್ನೊಂಚೂರು ಹಾಕು."

ಅಪ್ಪ ಮತ್ತೆ ಬಿಗಿಯಾದರು. ಆದರೂ ತಟ್ಟೆ ಖಾಲಿ ಮಾಡಿ ಕೈ ತೊಳೆಯಲು ಎದ್ದರು. ತೊಟ್ಟಿಯ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ನೀರು ಬರಲಿಲ್ಲ. ಪಕ್ಕದಲ್ಲಿ ಡ್ರಮ್ಮು, ಅದರ ಮೇಲೊಂದು ಚೊಂಬು. ಹಿಂದೆಯೇ ಹೋಗಿದ್ದ ಚಿಕ್ಕಪ್ಪ ಎಡಗೈಯಲ್ಲಿ ಚೊಂಬು ಮೊಗೆದು, ಚಿಕ್ಕಂದಿನಿಂದ ಅಣ್ಣನಿಗೆ ಹುಯ್ದ ಅಭ್ಯಾಸದಲ್ಲೇ ನೀರು ಹುಯ್ದರು. ಅಪ್ಪ ಎರಡೂ ಕೈ ಒಡ್ಡಿ ಉಜ್ಜಿ ಉಜ್ಜಿ ತೊಳೆದರು. ನಾನು ಅಜ್ಜಿಯ ಪಕ್ಕದಿಂದಲೇ ನೋಡುತ್ತಿದ್ದೆ.

"ಆಣೇಲಿ ಅರ್ಧ ಹೋಯ್ತಲ್ಲೋ ಮಗ," ಅಂದರು ಅಜ್ಜಿ, ಕೂತಲ್ಲಿಂದಲೇ. "ಅವ್ನು ಕೊಟ್ಟ ನೀರಲ್ಲೇ ಕೈ ತೊಳ್ದೆ. ಇನ್ನರ್ಧ ಇಟ್ಕಂಡು ಏನ್ ಮಾಡ್ತೀಯ?"

ಅಪ್ಪನ ಕೈ ಹಾಗೇ ನಿಂತಿತು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಅವರು ನನ್ನನ್ನು ನೋಡಿದರು, ತಮ್ಮನ ಕೈಯಲ್ಲಿದ್ದ ಚೊಂಬನ್ನು ನೋಡಿದರು. ಆಮೇಲೆ ಚಿಕ್ಕಪ್ಪನ ಹೆಗಲ ಮೇಲಿನ ಟವೆಲ್ಲಿನ ತುದಿ ಎಳೆದುಕೊಂಡು ಕೈ ಒರೆಸಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ನಾಳೆ ಬೆಳಿಗ್ಗೆ ಮನೇಲಿರ್ತೀಯೇನ್ಲಾ?"

ಚಿಕ್ಕಪ್ಪ ಚೊಂಬನ್ನು ಮೆಲ್ಲಗೆ ಡ್ರಮ್ಮಿನ ಮೇಲಿಟ್ಟರು. ನಾನಂತೂ ನಾಚಿಕೆ ಬಿಟ್ಟು ಅಳುತ್ತಿದ್ದೆ.

"ಇರ್ತೀನಿ ಬಾರಣ್ಣ," ಅಂದರು. "ಉಂಡ್ಕಂಡೇ ಹೋಗ್ಬೇಕು ಮತ್ತೆ. ಕೋಳಿ ನಮ್ಮ ಹಿತ್ಲುದೇ."