ಪಟ್ಟಿಯಲ್ಲಿ ಇಲ್ಲದ ಹೆಸರು

ಬೆಳಿಗ್ಗೆ ಅಂಗಡಿಗೆ ಬಂದ ಹೆಣ್ಣುಮಗಳೊಬ್ಬಳ ಚೀಲದಿಂದ ಕುಪ್ಪಸಕ್ಕೆ ತಂದ ಹೊಸ ಖಣದ ಗಂಜಿ ವಾಸನೆ ಬಂತು. ಅಷ್ಟಕ್ಕೇ ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಯಿತು. ನನಗೆ ಅದು ಅಕ್ಕೋರ ವಾಸನೆ...

ಬಾದಾಮಿಯ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಗುಳೇದಗುಡ್ಡದಿಂದ ದಿನಾ ಬಸ್ಸಿಗೆ ಬರುತ್ತಿದ್ದರು, ಮನೆಯಲ್ಲಿ ಮಗ್ಗವಿತ್ತು. ನಿವೃತ್ತಿಯಾಗಿ ಎಷ್ಟೋ ದಿನಗಳ ಮೇಲೆ ಸೀದಾ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಪೆನ್‌ಡ್ರೈವ್ ಇಟ್ಟರು. ಮಗ್ಗ ನೇಯುತ್ತಿದ್ದ ಅವರ ಯಜಮಾನರು ತೀರಿಕೊಳ್ಳುವ ಮೊದಲು ಹೇಳಿ ಬರೆಸಿದ ಖಣದ ನಮೂನೆಗಳು ಅದರೊಳಗಿದ್ದವು. ಫೈಲಿಗೆ ಪಾಸ್‌ವರ್ಡ್ ಹಾಕಿ ಮರೆತಿದ್ದರು.

"ಕಣ್ಣು ಪೂರಾ ಮಂಜಾಗೂದ್ರೊಳಗ ಒಮ್ಮಿ ಓದಬೇಕಪಾ. ಅವರ ಮಾತು ಅದಾವ ಅದರಾಗ."

ಕರಿ ಪರದೆಯಲ್ಲಿ ಆಜ್ಞೆ ಟೈಪಿಸಿ ಓಡಿಸುವ ಸಾಧನವೊಂದು ನನ್ನಲ್ಲಿತ್ತು. ನಾವು ಕೊಟ್ಟ ಪದಗಳ ಪಟ್ಟಿ ಹಿಡಿದು, ಒಂದೊಂದಕ್ಕೂ ಅಂಕಿ ಜೋಡಿಸಿ ಬೀಗ ತಿರುವಿ ನೋಡುತ್ತದೆ. ಮನೆಮಂದಿಯಲ್ಲಿ ಯಾರದೋ ಹೆಸರಿಗೆ ಅಂಕಿ ಸೇರಿಸಿದ ನೆನಪು ಎಂದರು ಅಕ್ಕೋರು. ಮಕ್ಕಳು, ಅತ್ತೆ, ಕೊನೆಗೆ ಎಮ್ಮೆಯ ಹೆಸರನ್ನೂ ಹೇಳಿದರು. ಬರೆದುಕೊಂಡೆ.

"ಯಜಮಾನ್ರ ಹೆಸ್ರು?" ಎಂದೆ.

ಸೆರಗು ಬಾಯಿಗೆ ಹಿಡಿದು ನಕ್ಕರು. "ನನ್ನ ಬಾಯಿಲೆ ಹೆಂಗ ಬರ್ತದ? ಯಾರನ್ನರ ಕೇಳಿ ಬರಕೋ. ಊರಿಗೆಲ್ಲ ಗೊತ್ತದ."

ಅವರ ಊರಿಗೆ ಗೊತ್ತಿತ್ತು, ನನಗಲ್ಲ. ಒಡಪು ಹಾಕಿ ಹೇಳ್ರಿ ಎಂದಿದ್ದರೆ ಹೇಳುತ್ತಿದ್ದರೋ ಏನೋ. ನಮ್ಮ ಕಡೆ ಮದುವೆ ಮನೆಯಲ್ಲಿ ಗಂಡನ ಹೆಸರು ಹಾಗೆ ಪ್ರಾಸದ ಸಾಲಿನಲ್ಲಿ ಸೇರಿಯೇ ಬಾಯಿಗೆ ಬರುವುದು. ಅಷ್ಟರಲ್ಲಿ ಯಾರೋ ಕರೆದರು, ಎದ್ದುಹೋದೆ. ಆಮೇಲೆ ವಿಚಾರಿಸುವುದನ್ನೇ ಮರೆತೆ.

ಸಾಧನ ವಾರಗಟ್ಟಲೆ ಓಡಿತು. ಊಟದ ನಡುವೆ ಎದ್ದು ಬಂದು ಪರದೆ ನೋಡುತ್ತಿದ್ದೆ. ಪದ ಸೇರಿಸಿದೆ, ಕಂಪ್ಯೂಟರ್ ಬದಲಿಸಿದೆ, ಸಾಧನವನ್ನೇ ಬೈದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಅಕ್ಕೋರು ಫೋನ್ ಮಾಡಿ "ತೆರೀತೇನಪಾ?" ಎನ್ನುವರು. "ನಡದದ್ರಿ" ಎನ್ನುವೆ. ಬರಬರುತ್ತಾ ನಾಚಿಕೆಯಾಗಿ ಫೋನ್ ಎತ್ತುವುದನ್ನೇ ಬಿಟ್ಟೆ...

ಅಕ್ಕೋರು ತೀರಿಕೊಂಡ ಮೇಲೆ ಶಿವಗಣಾರಾಧನೆಯ ಕಾರ್ಡು ಬಂತು. ಇಂಥವರ ಧರ್ಮಪತ್ನಿ ಎಂದು ಗಂಡನ ಹೆಸರೂ ಅಚ್ಚಾಗಿತ್ತು. ಕಾರ್ಡು ಹಿಡಿದೇ ಕಂಪ್ಯೂಟರ್ ಮುಂದೆ ಕೂತೆ. ಆ ಹೆಸರನ್ನು ಪಟ್ಟಿಗೆ ಸೇರಿಸಿದೆ. ಮುಂದಿದ್ದ ಚಹಾ ಆರುವುದರೊಳಗೆ ಫೈಲು ತೆರೆದುಕೊಂಡಿತು.

ಎಲ್ಲವನ್ನೂ ಮುದ್ರಿಸಿ ಅವರ ಮಗಳ ಕೈಗೆ ಕೊಟ್ಟೆ. ನನಗೆ ಎರಡು ಪುಟದ ಮೇಲೆ ಓದಲಾಗಲಿಲ್ಲ. ಈಗ ಬೀಗ ಹಾಕಿದ ಫೈಲು ಯಾರೇ ತರಲಿ, ಮೊದಲು ಹಾಳೆ, ಪೆನ್ನು ಅವರ ಮುಂದಿಡುತ್ತೇನೆ. ಬರೆದು ಮುಗಿಸುವವರೆಗೆ ಯಾರು ಕರೆದರೂ ಏಳುವುದಿಲ್ಲ. ಆದರೂ ಸಮಾಧಾನವಿಲ್ಲ. ಗಂಡನ ಹೆಸರನ್ನು ನಾನು ಬರೆದುಕೊಂಡಿದ್ದೇನೆ ಎಂದೇ ಅಕ್ಕೋರು ಕೊನೆಯವರೆಗೂ ನಂಬಿದ್ದರು.